ಸತ್ತಿಲ್ಲ, ಸೋತವ್ನೆ

2017ರ ಜನವರಿಯಲ್ಲಿ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮುವುದಕ್ಕೂ ಅವ್ವನ ಅಪ್ಪಣೆ ಬೇಕಿತ್ತು. ಎರಡು ತಿಂಗಳ ಕೂಸು ತೊಟ್ಟಿಲಲ್ಲಿ. ಮೆಲ್ಬರ್ನಿನಲ್ಲಿ ಜನವರಿ ಅಂದರೆ ಸುಡುಬೇಸಿಗೆ. ಬೀದಿಯಲ್ಲಿ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ನೆಕ್ಕುತ್ತಾ ಓಡಾಡುತ್ತಿದ್ದರೆ, ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಉಣ್ಣೆಯ ಸ್ಕಾರ್ಫ್ ಬಿಗಿದು, ಮೆಣಸಿನ ಸಾರು ಕುಡಿಯುತ್ತಿದ್ದೆ. "ಬಿಸ್ಲಿದ್ರೇನು, ಬಾಣಂತಿಗೆ ಶೀತ ಶೀತಾನೇ" ಎಂಬುದು ಅವ್ವನ ವೈದ್ಯಶಾಸ್ತ್ರ.

ಅವ್ವ ಹಿರಿಯೂರು ತಾಲ್ಲೂಕಿನ ಧರ್ಮಪುರದಿಂದ ಒಬ್ಬಳೇ ವಿಮಾನ ಹತ್ತಿ ಬಂದಿದ್ದಳು. ಅಪ್ಪ ಬರಲಿಲ್ಲ. ಆ ವರ್ಷ ನಮ್ಮ ಸೀಮೆಯಲ್ಲಿ ಬರ ಎಂಥದಿತ್ತೆಂದರೆ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದವು. ಬೋರು ಕೈಕೊಟ್ಟವರು ಟ್ಯಾಂಕರಿನಲ್ಲಿ ನೀರು ಹೊಡೆಸಿ ಮರ ಉಳಿಸಿಕೊಳ್ಳುತ್ತಿದ್ದರು. "ಮಗಳಿಗೆ ನೀನು ನೀರು ಹಾಕ್ ಹೋಗು, ಮರಕ್ಕೆ ನಾನು ಹಾಕ್ತೀನಿ" ಎಂದು ಅಪ್ಪ ಬಸ್‌ಸ್ಟ್ಯಾಂಡಿನಲ್ಲೇ ಕೆಲಸ ಹಂಚಿಬಿಟ್ಟಿದ್ದರು.

ನಾವಿದ್ದದ್ದು ಸೇಂಟ್ ಆಲ್ಬನ್ಸ್ ಎಂಬ ಬಡಾವಣೆಯಲ್ಲಿ, ಹೊಸದಾಗಿ ಕಟ್ಟಿದ ಒಂದು ಯುನಿಟ್ಟಿನಲ್ಲಿ. ಅಡುಗೆಮನೆ, ಊಟದ ಮನೆ, ಟಿವಿ ಮನೆ ಎಲ್ಲಾ ಒಂದೇ ಬಯಲು. ಇದರಿಂದ ಅವ್ವನಿಗೆ ಒಂದು ಧರ್ಮಸಂಕಟ ಎದುರಾಯಿತು. ಅಳಿಯನ ಎದುರಿಗೆ ಅತ್ತೆ ಬಂದು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಅಡುಗೆಮನೆಯ ಹೊಸಿಲಿನ ಆಚೆಯೇ ನಿಂತು ಮಾತಾಡಬೇಕು. ಇಲ್ಲಿ ನೋಡಿದರೆ ಹೊಸಿಲೇ ಇಲ್ಲ. ಎರಡು ದಿನ ಪರದಾಡಿದ ಮೇಲೆ, ಅಡುಗೆ ಕಡೆಯ ಟೈಲ್ಸ್ ಮುಗಿದು ಟಿವಿ ಕಡೆಯ ಕಾರ್ಪೆಟ್ ಶುರುವಾಗುವ ಗೆರೆಯೇ ಹೊಸಿಲು ಎಂದು ತೀರ್ಮಾನಿಸಿ, ಟೈಲ್ಸಿನ ಅಂಚಿಗೆ ಗೋಡೆಗೊರಗಿ ಕೂರತೊಡಗಿದಳು. ನಮ್ಮವರು ನಾಲ್ಕು ಅಡಿ ದೂರದ ಸೋಫಾದಲ್ಲಿದ್ದರೂ ಮಾತೆಲ್ಲ ನನ್ನ ಮುಖಾಂತರವೇ ಹೋಗಬೇಕು. "ಅಳಿಯಂದ್ರಿಗೆ ಕೇಳವ್ವ, ಮುದ್ದೆ ತಿಂತಾರಾ ಅಂತ." ಅವರು, "ಅತ್ತೆಗೆ ಹೇಳು, ಅರ್ಧ ಸಾಕು ಅಂತ." ನಾನು ಬಾಯಿ ತೆಗೆಯುವ ಮೊದಲೇ ಅರ್ಧ ಮುದ್ದೆ ತಟ್ಟೆಗೆ ಬಂದಿರುತ್ತಿತ್ತು.

ನಮ್ಮವರು ಬೆಂಗಳೂರಿನ ಜಯನಗರದವರು, ಜೊಕೊವಿಚ್ ಭಕ್ತರು. ಭಕ್ತರು ಅನ್ನುವ ಮಾತನ್ನು ತೂಗಿಯೇ ಹಾಕಿದ್ದೇನೆ. 2014ರ ಸೆಪ್ಟೆಂಬರಿನಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಮ್ಮಿನಲ್ಲಿ ಭಾರತಕ್ಕೂ ಸರ್ಬಿಯಾಕ್ಕೂ ಡೇವಿಸ್ ಕಪ್ ಇದ್ದಾಗ ಮೂರು ದಿನಕ್ಕೂ ಮುಂಗಡ ಟಿಕೆಟ್ ತೆಗೆಸಿದ್ದರು. ದೇವರು ಬರಲೇ ಇಲ್ಲ. ನಮ್ಮ ಕೊಡಗಿನ ಬೋಪಣ್ಣ, ಪೇಸ್ ಜೊತೆ ಸೇರಿ ಎರಡು ಸೆಟ್ ಸೋತಲ್ಲಿಂದ ಎದ್ದು ಡಬಲ್ಸ್ ಗೆದ್ದದ್ದನ್ನು ಕಣ್ಣಾರೆ ನೋಡಿದರೂ (ಒಟ್ಟು ಲೆಕ್ಕದಲ್ಲಿ ಸರ್ಬಿಯಾವೇ 3-2ರಲ್ಲಿ ಗೆದ್ದಿತು ಅನ್ನಿ) ಇವರ ಮುಖ ಅರಳಲಿಲ್ಲ. ಮುಂದಿನ ತಿಂಗಳು ಜೊಕೊವಿಚ್ ಹೆಂಡತಿಗೆ ಗಂಡುಮಗು ಆಯಿತು. ಈ ಕಥೆ ಕೇಳಿದ ಅವ್ವ ಮಾತ್ರ ಆತನಿಗೆ ಪೂರ್ತಿ ಮಾರ್ಕು ಕೊಟ್ಟಳು: "ತುಂಬು ಬಸುರೀನ ಬಿಟ್ಟು ಚೆಂಡಾಡಾಕೆ ಬರಲಿಲ್ವಲ್ಲ, ಮನಸ್ತ ಅವ್ನು."

ಆ ಒಳ್ಳೆಯ ಅಭಿಪ್ರಾಯ ಜನವರಿ 19ರ ಗುರುವಾರದವರೆಗೂ ಉಳಿದಿತ್ತು.

ಆಸ್ಟ್ರೇಲಿಯನ್ ಓಪನ್ನಿನ ಎರಡನೇ ಸುತ್ತು. ಒಂದು ಕಡೆ ಆರು ಸಲ ಈ ಕಪ್ ಗೆದ್ದ, ಹಿಂದಿನ ವರ್ಷವೂ ಗೆದ್ದ ಜೊಕೊವಿಚ್. ಇನ್ನೊಂದು ಕಡೆ ಉಜ್ಬೇಕಿಸ್ತಾನದ ಡೆನಿಸ್ ಇಸ್ತೋಮಿನ್, ಶ್ರೇಯಾಂಕ 117. ನೇರ ಪ್ರವೇಶಕ್ಕೆ ಅರ್ಹತೆ ಸಾಲದೆ ವೈಲ್ಡ್ ಕಾರ್ಡಿನಲ್ಲಿ ಒಳಬಂದವನು, ಜೊಕೊವಿಚ್ ಎದುರು ಒಂದು ಸಲವೂ ಗೆದ್ದವನಲ್ಲ. ನಮ್ಮವರು ರಜೆ ಹಾಕಿ, ಒಗೆಯದ ಹಳೇ ಟೀ ಶರ್ಟ್ ತೊಟ್ಟು (ಒಗೆದರೆ ಅದೃಷ್ಟ ನೀರಿನಲ್ಲಿ ಹೋಗುತ್ತದಂತೆ), ಸೋಫಾದ ಎಡತುದಿಯಲ್ಲಿ ಕೂತರು. ಟಿವಿಯ ದನಿ ಪೂರ್ತಿ ಬಂದ್. ಕೂಸು ಎದ್ದರೆ ಅವ್ವ ಸುಮ್ಮನಿರುವವಳಲ್ಲ. ಹೀಗಾಗಿ ಜೊಕೊವಿಚ್ ಪಾಯಿಂಟ್ ಗೆದ್ದಾಗ ನಮ್ಮವರು ದಿಂಬು ಕಚ್ಚುತ್ತಿದ್ದರು, ಸೋತಾಗ ಇನ್ನೊಂದು ದಿಂಬು.

ಟೈಲ್ಸಿನ ಅಂಚಿನಲ್ಲಿ ಕಡ್ಲೇಕಾಯಿ ಸುಲಿಯುತ್ತಿದ್ದ ಅವ್ವ ಮೂಲೆಯ ಅಂಕಿಗಳನ್ನು ಗಮನಿಸುತ್ತಿದ್ದಳು. ಓದು ನಾಲ್ಕನೇ ಕ್ಲಾಸಾದರೂ ಮಂಡಿ ಲೆಕ್ಕದಲ್ಲಿ ಅವಳನ್ನು ಯಾಮಾರಿಸಿದವರಿಲ್ಲ.

"ಹದಿನೈದು ಆಯ್ತು, ಮೂವತ್ತು ಆಯ್ತು. ಆಮ್ಯಾಕೆ ನಲವತ್ತೈದು ತಾನೇ? ನಲವತ್ತು ಅಂತ ಬರದವ್ರೆ. ಐದು ಎಲ್ಲಿಗೋಯ್ತು ಕೇಳವ್ವ."

ನಮ್ಮವರ ಹತ್ತಿರ ಉತ್ತರವಿರಲಿಲ್ಲ.

"ದಲ್ಲಾಳಿ ಮುರ್ಕೊಂಡಿರ್ತಾನೆ ಬಿಡು" ಎಂದು ಅವಳೇ ಸಮಾಧಾನ ಮಾಡಿಕೊಂಡಳು.

ಮೊದಲ ಸೆಟ್ ಟೈ ಬ್ರೇಕಿಗೆ ಹೋಗಿ ಇಸ್ತೋಮಿನ್ ಪಾಲಾಯಿತು. ದಿಂಬಿನ ಹೊಲಿಗೆ ಬಿಚ್ಚಿತು. ಆಮೇಲಿನ ಎರಡು ಸೆಟ್ ಜೊಕೊವಿಚ್ ತೆಗೆದುಕೊಂಡ, 7-5, 6-2. ನಮ್ಮವರು ಕಾಲು ನೀಡಿ, ಮೈ ಸಡಿಲ ಬಿಟ್ಟರು. ಅವರು ಎಡವಿದ್ದು ಇಲ್ಲೇ. ಗೆಲ್ಲುತ್ತಿರುವ ಗಂಡಸಿಗೆ ವಿವರ ಹೇಳುವ ಚಪಲ ಹತ್ತುತ್ತದೆ.

"ಗಳಿಗೆಗೊಂದ್ಸಲ ತೋರಿಸ್ತಾವ್ರಲ್ಲ, ಯಾರವ್ವ ಆ ಹೆಂಗ್ಸು?" ಎಂದು ಅವ್ವ ಕೇಳಿದ್ದೇ ತಡ, ನನ್ನನ್ನು ದಾಟಿ ನೇರವಾಗಿ ಅತ್ತೆಗೇ ಉತ್ತರ ಕೊಟ್ಟರು. ಆಕೆ ಇಸ್ತೋಮಿನ್‌ನ ತಾಯಿ, ಕ್ಲಾವ್ಡಿಯಾ. ಅವನಿಗೆ ಆಟ ಕಲಿಸಿದವರೂ ಆಕೆಯೇ, ಈಗಿನ ಕೋಚೂ ಆಕೆಯೇ. ಹುಡುಗ ಹದಿನಾಲ್ಕರ ಸುಮಾರಿನಲ್ಲಿ ಟೂರ್ನಮೆಂಟಿಗೆ ಹೋಗುವಾಗ ಕಾರು ಅಪಘಾತವಾಗಿ ಕಾಲು ಮುರಿದು, ಎಂಬತ್ತು ಹೊಲಿಗೆ ಬಿದ್ದು, ಎರಡು ವರ್ಷ ರ‍್ಯಾಕೆಟ್ ಮುಟ್ಟಿರಲಿಲ್ಲ. ಮತ್ತೆ ಅಂಗಳಕ್ಕೆ ತಂದು ನಿಲ್ಲಿಸಿದವರು ಆ ತಾಯಿ.

ಕಡ್ಲೇಕಾಯಿ ಸುಲಿಯುವ ಸದ್ದು ನಿಂತಿತು.

"ಎಂಬತ್ತು ಹೊಲಿಗೆನಾ?" ಎಂದಳು ಅವ್ವ. ಇನ್ನೊಮ್ಮೆ ಆ ಹೆಂಗಸಿನ ಮುಖ ಬಂತು. ಆಕೆ ಕೂಗಾಡುತ್ತಿರಲಿಲ್ಲ. ಅವ್ವ ಅದನ್ನೇ ನೋಡಿ, "ಹೊಟ್ಟೇಲಿ ಕೆಂಡ ಇಟ್ಕೊಂಡು ಕುಂತವ್ಳೆ" ಎಂದಳು. ಅಲ್ಲಿಗೆ ನಮ್ಮ ಮನೆಯಲ್ಲಿ ಎರಡು ಪಕ್ಷವಾಯಿತು.

ನಾಲ್ಕನೇ ಸೆಟ್ಟೂ ಟೈ ಬ್ರೇಕಿನ ಕಡೆ ಹೊರಟಾಗ ಅವ್ವ ಎದ್ದು ಹೋದಳು. ಬರುವಾಗ ಅರಿಶಿನ ಹಚ್ಚಿದ ಬಟ್ಟೆಯ ಚೂರು, ಅದರೊಳಗೆ ನಮ್ಮ ಚಿಲ್ಲರೆ ಡಬ್ಬಿಯಿಂದ ತೆಗೆದ ಇಪ್ಪತ್ತು ಸೆಂಟಿನ ನಾಣ್ಯ. ಒಂದು ಮಗ್ಗುಲಿಗೆ ಇಂಗ್ಲೆಂಡಿನ ರಾಣಿ, ಇನ್ನೊಂದಕ್ಕೆ ಬಾತುಕೋಳಿ ಮೂತಿಯ ಪ್ಲಾಟಿಪಸ್ಸು. ಹಿರಿಯೂರಿನ ತೇರು ಮಲ್ಲೇಶ್ವರನಿಗೆ ಮುಡುಪು ಕಟ್ಟಿ ಫ್ರಿಜ್ಜಿನ ಮೇಲಿಟ್ಟಳು. "ಅತ್ತೆ, ಇದು ಮೋಸ" ಎಂದು ನಮ್ಮವರು ಪಿಸುಗುಟ್ಟಿದರು. ಮದುವೆಯಾಗಿ ಎಂಟು ವರ್ಷಕ್ಕೆ ಅತ್ತೆಗೆ ಎದುರು ಆಡಿದ ಮೊದಲ ಮಾತು ಅದು.

ಟೈ ಬ್ರೇಕ್ ಇಸ್ತೋಮಿನ್‌ದಾಯಿತು.

ಇಷ್ಟು ಹೊತ್ತೂ ಬೇಲಿಯಾಚೆಯಿಂದ ಬೇರೆಯೇ ಸದ್ದು ಬರುತ್ತಿತ್ತು. ಪಕ್ಕದ ಮನೆಯವರು ಸರ್ಬಿಯಾದವರು; ನಮ್ಮ ಬಡಾವಣೆಯಲ್ಲಿ ಹಳೇ ಯುಗೊಸ್ಲಾವಿಯಾದಿಂದ ಬಂದ ಕುಟುಂಬಗಳು ಬಹಳ. ಅವರ ಅಜ್ಜಿಯನ್ನು ಮೊಮ್ಮಕ್ಕಳು ಬಾಬಾ ಎಂದು ಕರೆಯುತ್ತವೆ. ಅವರ ಭಾಷೆಯಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಧರ್ಮಪುರದಿಂದ ಆಂಧ್ರದ ಗಡಿ ಕೂಗಳತೆ, ಆಚೆ ಪುಟ್ಟಪರ್ತಿ ಬಾಬಾನ ಸೀಮೆ. ಹೀಗಾಗಿ ಅವ್ವ ಮೊದಲ ದಿನವೇ ಆ ಮುದುಕಿಗೆ ಕೈಮುಗಿದಿದ್ದಳು. ಬಾಬಾ ತಿರುಗಿ ಕೈಮುಗಿದಿತ್ತು. ಅಂದಿನಿಂದ ಬೇಲಿಯ ಎರಡು ಬದಿ ಬಟ್ಟೆ ಒಣಹಾಕುತ್ತಾ, ಇವಳು ಕನ್ನಡದಲ್ಲಿ, ಆಕೆ ಸರ್ಬಿಯನ್‌ನಲ್ಲಿ, ಮಗಳು-ಸೊಸೆಯರ ವಿಷಯ ಮಾತಾಡಿಕೊಳ್ಳುತ್ತಿದ್ದರು. ಮಗಳು-ಸೊಸೆಯರ ವಿಷಯ ಎಂದು ನಾನು ಹೇಗೆ ಬಲ್ಲೆ? ಇಬ್ಬರೂ ತಮ್ಮತಮ್ಮ ಮನೆಯ ಕಿಟಕಿ ನೋಡಿ ದನಿ ತಗ್ಗಿಸುತ್ತಿದ್ದರು.

ಆ ಮನೆಯವರು ಹಿತ್ತಲಿಗೇ ಟಿವಿ ತಂದಿಟ್ಟುಕೊಂಡು ಮಧ್ಯಾಹ್ನದಿಂದ "ನೋಲೆ, ನೋಲೆ" ಎಂದು ಜೊಕೊವಿಚ್‌ನ ಮುದ್ದಿನ ಹೆಸರು ಕೂಗುತ್ತಿದ್ದರು. ಐದನೇ ಸೆಟ್ಟಿನಲ್ಲಿ ಆ ಕೂಗು ತೆಳುವಾಗುತ್ತಾ ಬಂತು. ಅವ್ವ ಯಾವಾಗ ಗೆರೆ ದಾಟಿದಳೋ ನನಗೆ ಗೊತ್ತಾಗಲಿಲ್ಲ. ನೋಡಿದರೆ ಕಾರ್ಪೆಟ್ಟಿನ ನಟ್ಟನಡುವೆ, ಅಳಿಯನ ಕಾಲಬುಡದಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಾಳೆ. 6-4. ನಾಲ್ಕು ಗಂಟೆ ನಲವತ್ತೆಂಟು ನಿಮಿಷ. ಇಸ್ತೋಮಿನ್ ಗೆದ್ದಿದ್ದ.

"ಮಾರಿಕಣಿವೆ ಕೋಡಿ ಬಿದ್ದಂಗಾಯ್ತು ಕಣವ್ವ!" ಎಂದು ಅವ್ವ ಕೂಗಿದ ಹೊಡೆತಕ್ಕೆ ಕೂಸು ಬೆಚ್ಚಿ ಎದ್ದು ಕಿರುಚತೊಡಗಿತು. ಐದು ಗಂಟೆ ಕಾಲ ದಿಂಬು ಕಚ್ಚಿ ಕಾಪಾಡಿದ್ದ ನಿಶ್ಶಬ್ದವನ್ನು ನಿಯಮ ಮಾಡಿದವಳೇ ಮುರಿದಿದ್ದಳು. ನಮ್ಮವರು ಎದ್ದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು.

ಹಿರಿಯೂರಿನ ಕಡೆಯವರಲ್ಲದವರಿಗೆ ಈ ಮಾತಿನ ತೂಕ ಗೊತ್ತಾಗಲಿಕ್ಕಿಲ್ಲ. ಮಾರಿಕಣಿವೆ ಅಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ ಬಿದ್ದೇ ಇರಲಿಲ್ಲ. ಅವ್ವನ ಅಪ್ಪ ಎಂಟು ವರ್ಷದ ಹುಡುಗನಾಗಿ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿ ಬಂದು, ಸಾಯುವತನಕ ಅದೇ ಕಥೆ ಹೇಳಿದರು. ನಮ್ಮಲ್ಲಿ "ಮಾರಿಕಣಿವೆ ಕೋಡಿ ಬಿದ್ದಾಗ ಸಾಲ ತೀರಿಸ್ತೀನಿ" ಅಂದರೆ, ಆ ದುಡ್ಡಿನ ಆಸೆ ಬಿಡು ಅಂತ. ಹುಟ್ಟಿದಾಗಿನಿಂದ ಒಣಗಿದ ಕೆರೆ ನೋಡಿಕೊಂಡು, ಪೂರಕ ನಾಲೆ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾದ ಧರ್ಮಪುರದವಳಿಗೆ, ಆಗದ್ದು ಆಗುವುದನ್ನು ಬಿಟ್ಟು ಬೇರೆ ಏನು ನೋಡುವ ಆಸೆ ಇರುತ್ತದೆ? ಗೆಲ್ಲುವವನೇ ಗೆಲ್ಲುವುದನ್ನು ನೋಡಲು ನಮ್ಮವರಂತೆ ಜಯನಗರದಲ್ಲಿ, ನಲ್ಲಿಯಲ್ಲಿ ಕಾವೇರಿ ಬರುವ ಕಡೆ ಹುಟ್ಟಿರಬೇಕು.

ಕೂಸು ಸುಮ್ಮನಾದ ಮೇಲೆ ಅವ್ವ ಬೇಲಿಯ ಕಡೆ ಕಿವಿಗೊಟ್ಟಳು. ಸದ್ದಿಲ್ಲ. ಹಿತ್ತಲ ಟಿವಿ ಆರಿತ್ತು. ಕುರ್ಚಿಗಳು ಹಾಗೇ ಬಿದ್ದಿದ್ದವು. ಒಂದು ಹುಡುಗ ಬಾವುಟ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದ.

"ಪಾಪ, ಒಲೆ ಹಚ್ಚಿಲ್ಲ ಅವ್ರು" ಎಂದಳು ಅವ್ವ.

ನಮ್ಮೂರಲ್ಲಿ ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಕ್ಕಪಕ್ಕದವರೇ ಅಡುಗೆ ಮಾಡಿ ಒಯ್ಯಬೇಕು. ಅಕ್ಕಿ ತೊಳೆದಿಟ್ಟು, ಸಾರಿಗೆ ಬೇಳೆ ಇಟ್ಟಳು. ಬಾಣಲೆಗೆ ಎಣ್ಣೆ ಹಾಕುವಾಗ ಕೈ ತಡೆಯಿತು. ಸಾವಿನ ಮನೆಗೆ ಒಯ್ಯುವ ಸಾರಿಗೆ ಒಗ್ಗರಣೆ ಹಾಕಬಾರದೆಂಬುದು ಅವಳ ಶಾಸ್ತ್ರ. ಸೌಟು ಹಿಡಿದು ಒಂದು ನಿಮಿಷ ಯೋಚಿಸಿದಳು. ಕೊನೆಗೆ, "ಸತ್ತಿಲ್ಲ, ಸೋತವ್ನೆ ಅಷ್ಟೇ. ಒಗ್ಗರಣೆ ಹಾಕಬೌದು" ಎಂದು ಸಾಸಿವೆ ಸಿಡಿಸಿದಳು.

ಸ್ಟೀಲ್ ಡಬ್ಬಿಯಲ್ಲಿ ಅನ್ನ-ಸಾರು ಹಿಡಿದು ಹೊರಟವಳ ಜೊತೆ ದುಭಾಷಿಯಾಗಿ ನಮ್ಮವರನ್ನೇ ಕಳಿಸಿದೆ. ಕಣ್ಣು ಕೆಂಪಗಿದ್ದ ಅವರಿಗೂ ಸೂತಕದ ಮನೆಯೇ ಲಾಯಕ್ಕು. ಅವರು ಬಂದು ಹೇಳಿದ್ದು ಇಷ್ಟು: ಬಾಬಾ ಬಾಗಿಲು ತೆಗೆದು ಡಬ್ಬಿ ನೋಡಿ, ಅವ್ವನನ್ನು ನೋಡಿ, ಏನೂ ಕೇಳದೆ ಒಳಗೆ ಕರೆದು ಕೂರಿಸಿತಂತೆ. ತಟ್ಟೆಯಲ್ಲಿ ಚಿಕ್ಕ ಗಾಜಿನ ಬಟ್ಟಲು, ಅದರಲ್ಲಿ ಹಣ್ಣಿನ ಪಾಕ, ಚಮಚ, ಪಕ್ಕದಲ್ಲಿ ಒಂದು ಲೋಟ ತಣ್ಣೀರು. ಸ್ಲಾಟ್ಕೊ ಅನ್ನುತ್ತಾರಂತೆ, ಮನೆಗೆ ಬಂದವರಿಗೆ ಮೊದಲು ಕೊಡುವುದು. ಒಂದು ಚಮಚ ಸಿಹಿ ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು.

"ಬೆಲ್ಲ ನೀರು ಕಣವ್ವ! ನಮ್ಮಂಗೇ ಬೆಲ್ಲ ನೀರು ಕೊಡ್ತಾರೆ!" ಅವ್ವನ ಮಟ್ಟಿಗೆ ಆ ದಿನದ ದೊಡ್ಡ ಸುದ್ದಿ ಅದೇ ಆಯಿತು. ಇಸ್ತೋಮಿನ್ ಗೆದ್ದಿದ್ದಕ್ಕೆ ಒಂದು ಮುಡುಪಾದರೂ ಇತ್ತು. ಇದಕ್ಕೆ ಏನೂ ಕಟ್ಟಿರಲಿಲ್ಲ.

ಮೂರು ದಿನ ನಮ್ಮವರು ಸಪ್ಪಗಿದ್ದರು. ಭಾನುವಾರ ಒಂದನೇ ಸೀಡ್ ಆಂಡಿ ಮರ‍್ರೇ ಕೂಡ ಐವತ್ತನೇ ಶ್ರೇಯಾಂಕದ ಮಿಶಾ ಜ್ವೆರೆವ್ ಕೈಲಿ ಸೋತು ಹೋದ. ಸಂಜೆ ಇವರು ಎರಡು ಮುದ್ದೆ ಉಂಡರು. ಟೆನಿಸ್ ಅಭಿಮಾನಿಯ ದುಃಖಕ್ಕೆ ಇದಕ್ಕಿಂತ ಒಳ್ಳೆಯ ಔಷಧ ನಾನು ಕಂಡಿಲ್ಲ.

ಅವ್ವ ಊರಿಗೆ ಹೋಗಿ ಮುಡುಪು ತೀರಿಸಿದಳು. ತೇರು ಮಲ್ಲೇಶ್ವರನ ಹುಂಡಿ ಎಣಿಸಿದವರು ಪ್ಲಾಟಿಪಸ್ಸನ್ನು ಯಾವ ಲೆಕ್ಕಕ್ಕೆ ಬರೆದರೋ. 2022ರ ಜನವರಿಯಲ್ಲಿ ವೀಸಾ ರದ್ದು ಮಾಡಿ ಜೊಕೊವಿಚ್‌ನನ್ನು ಮೆಲ್ಬರ್ನಿನಿಂದ ವಾಪಸ್ ಕಳಿಸಿದಾಗ ಅವ್ವನೇ ಫೋನ್ ಮಾಡಿದಳು. "ಬಾಗ್ಲಿಗೆ ಬಂದೋನ್ನ ಹಿಂದಕ್ಕೆ ಕಳ್ಸಿದ್ರಂತಲ್ಲ, ಬಾಬಾ ಉಂಡ್ಲಾ?" ಉಂಡಿತ್ತು, ನಾವೇ ಕೊಟ್ಟಿದ್ದೆವು. 2024ರಲ್ಲಿ ಸುಮಿತ್ ನಗಾಲ್ 31ನೇ ಸೀಡ್ ಬಬ್ಲಿಕ್‌ನನ್ನು ನೇರ ಸೆಟ್ಟುಗಳಲ್ಲಿ ಹೊಡೆದಾಗ ನಮ್ಮವರು ಸೋಫಾ ಹತ್ತಿ ಕುಣಿದರು. 1989ರಲ್ಲಿ ಇದೇ ಮೆಲ್ಬರ್ನಿನಲ್ಲಿ ರಮೇಶ್ ಕೃಷ್ಣನ್ ಒಂದನೇ ಸೀಡ್ ವಿಲಾಂಡರನನ್ನು ಸೋಲಿಸಿದ ಮೇಲೆ ಭಾರತದ ಗಂಡಸರಲ್ಲಿ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸಿನಲ್ಲಿ ಸೀಡ್ ಒಬ್ಬನನ್ನು ಉರುಳಿಸಿದವನು ಇವನೇ ಎಂದು ಮನೆಯ ಗೋಡೆಗಳಿಗೂ ಹೇಳಿದರು. "ಬಬ್ಲಿಕ್ ಮನೇಲಿ ಒಲೆ ಹಚ್ಚಿರಲ್ಲ ಪಾಪ" ಎಂದೆ. ಅವರಿಗೆ ಕೇಳಿಸಲಿಲ್ಲ.

ನಡುವೆ 2022ರ ಸೆಪ್ಟೆಂಬರಿನಲ್ಲಿ ಒಂದು ಬೆಳಗಿನ ಜಾವ ಫೋನ್ ಬಡಿದುಕೊಂಡಿತು. ಹೊತ್ತಲ್ಲದ ಹೊತ್ತು, ಎದೆ ಧಸಕ್ಕೆಂದಿತು. ಆ ಕಡೆ ಗಾಳಿ, ಜನರ ಕೂಗು, ನೀರಿನ ಮೊರೆತ. ಅಪ್ಪ ಬಾಡಿಗೆ ಕಾರು ಮಾಡಿ ಅವ್ವನನ್ನು ಕರೆದುಕೊಂಡು ಹೋಗಿದ್ದರು.

"ಬಿತ್ತು ಕಣವ್ವ, ಕೋಡಿ ಬಿತ್ತು! ಎಂಬತ್ತೊಂಬತ್ತು ವರ್ಸಕ್ಕೆ! ಕೇಳ್ಸ್ತೈತಾ?" ಫೋನನ್ನು ನೀರಿನ ಕಡೆ ಚಾಚಿದಳೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಬರೀ ಭೋರೆಂಬ ಸದ್ದು. ಆಮೇಲೆ, "ಬಾಬಾಗೆ ಹೇಳು. ಬರೀ ಕೈಲಿ ಹೋಗಬ್ಯಾಡ."

ಬರಿಗೈಲಿ ಹೋಗುವ ಪ್ರಶ್ನೆಯೇ ಇರಲಿಲ್ಲ. 2017ರಲ್ಲಿ ಸಾರು ಒಯ್ದ ಸ್ಟೀಲ್ ಡಬ್ಬಿ ವಾರದ ಮೇಲೆ ಪ್ಲಮ್ ಹಣ್ಣಿನ ಪಾಕ ತುಂಬಿಕೊಂಡು ವಾಪಸ್ ಬಂದಿತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬ ಶಾಸ್ತ್ರ ಅವರಲ್ಲೂ ಇದ್ದಂತಿದೆ. ನಾವು ಚಿತ್ರಾನ್ನ ತುಂಬಿ ಕಳಿಸಿದೆವು, ಅದು ಇನ್ನೇನೋ ತುಂಬಿಕೊಂಡು ಬಂತು. ಐದು ವರ್ಷದಿಂದ ಡಬ್ಬಿ ಬೇಲಿಯ ಆಚೆ ಈಚೆ ಹೋಗಿ ಬರುತ್ತಲೇ ಇತ್ತು. ಆ ದಿನ ನಮ್ಮ ಕಡೆ ಇತ್ತು. ಅಕ್ಕಿ ಪಾಯಸ ಮಾಡಿ, ನಮ್ಮವರ ಕೈಗೆ ಕೊಟ್ಟೆ.

"ಏನಂತ ಹೇಳಲಿ? ಅಣೆಕಟ್ಟು ತುಂಬಿದರೆ ಪಾಯಸ ಯಾಕೆ ಅಂತ ಕೇಳಿದರೆ?"

"ಇಸ್ತೋಮಿನ್ ಗೆದ್ದ ಅನ್ನಿ. ಅರ್ಥವಾಗುತ್ತೆ."

ಅವರು ಡಬ್ಬಿ ತೆಗೆದುಕೊಂಡು, ಬಾಗಿಲವರೆಗೆ ಹೋಗಿ, ನಿಂತು ತಿರುಗಿ ನೋಡಿದರು. "ಆ ಹೆಸರು ಮಾತ್ರ ನನ್ನ ಬಾಯಲ್ಲಿ ಬರಲ್ಲ ಕಣೇ" ಎಂದು ಚಪ್ಪಲಿ ಮೆಟ್ಟಿಕೊಂಡರು.