ಅಂಟುವಾಳದ ರಾಯರು

ಅಂಟುವಾಳದ ರಾಯರು ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ, ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿಗೊಬ್ಬರಂತೆ ಸಿಗುವ ಗೃಹಸ್ಥರು. ರಾಯರೇ ಆಗಿರಬೇಕೆಂದಿಲ್ಲ, ಗೌಡರು, ಶೆಟ್ಟರು, ಪಾಟೀಲರ ಪೈಕಿಯೂ ಉಂಟು. ಬ್ಯಾಂಕಿನಿಂದಲೋ ಸರ್ಕಾರಿ ಇಲಾಖೆಯಿಂದಲೋ ನಿವೃತ್ತರಾದ ಆರು ತಿಂಗಳಿಗೆ ಈ ಅವತಾರ ತಾಳುತ್ತಾರೆ. ಅಲ್ಲಿಯವರೆಗೆ ಮನೆಯ ಪೊರಕೆ ಎಲ್ಲಿರುತ್ತದೆಂಬುದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಪೊರಕೆಗಾಗಲಿ, ಅದನ್ನು ಹಿಡಿದವರಿಗಾಗಲಿ ನೆಮ್ಮದಿಯಿಲ್ಲ.

ಅವತಾರಕ್ಕೆ ಕಾರಣ ಮೂರು. ಮೊದಲನೆಯದು ತಿಂಗಳ ಸಾಮಾನಿನ ಚೀಟಿ. ಹೆಂಡತಿ ಮೂವತ್ತು ವರ್ಷ ಬರೆದ ಚೀಟಿಯನ್ನು ರಾಯರು ಈಗ ಮೊದಲ ಸಲ ಓದುತ್ತಾರೆ. ಬಟ್ಟೆಗೊಂದು, ಪಾತ್ರೆಗೊಂದು, ನೆಲಕ್ಕೊಂದು, ಗಾಜಿಗೊಂದು, ಬಚ್ಚಲಿಗೊಂದು ಎಂದು ಐದು ಬಾಬ್ತು ಕಂಡು, ಐದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಎರಡನೆಯದು ಬೆಳ್ಳಂದೂರು ಕೆರೆ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿ ಸವಾರರ ಹೆಲ್ಮೆಟ್ಟಿನ ಮೇಲೆ ಕೂತಿತ್ತು. ಸಂಸ್ಕರಿಸದ ಕೊಳಚೆ ನೀರು, ಅದರೊಳಗಿನ ಮನೆಮನೆಯ ಡಿಟರ್ಜೆಂಟು ಆ ನೊರೆಗೆ ಮೂಲ. ಆ ಫೋಟೋ ರಾಯರ ಮೊಬೈಲಿನಲ್ಲಿ ಇಂದಿಗೂ ಇದೆ. ಸೋಪಿನ ಪುಡಿಯ ಪೊಟ್ಟಣ ಮನೆಯೊಳಗೆ ಬಂದಾಗೆಲ್ಲ ಫೋಟೋ ಹೊರಗೆ ಬರುತ್ತದೆ. ಮೂರನೆಯದು 2024ರ ಬೇಸಿಗೆ. ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದ ಆ ಮಾರ್ಚಿನಲ್ಲಿ, ಅರೆಮನಸ್ಸಿನಲ್ಲಿದ್ದ ರಾಯರೆಲ್ಲ ಖಾಯಂ ಆದರು.

ಇವರ ಮುಖ್ಯ ಸರಕು ಅಂಟುವಾಳದ ಕಾಯಿ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ನೀರಿನಲ್ಲಿ ನೊರೆಯೆಬ್ಬಿಸಿ ಜಿಡ್ಡನ್ನು ಬಿಡಿಸುತ್ತದೆ. ಅಕ್ಕಸಾಲಿಗರು ಒಡವೆಗೆ, ಅಜ್ಜಿಯರು ರೇಷ್ಮೆ ಸೀರೆಗೆ ಬಳಸುತ್ತಿದ್ದದ್ದು ಇದನ್ನೇ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ ರಸ ಸಿಗುತ್ತದೆ. ಹೊರಗಿಟ್ಟರೆ ಕೆಲವೇ ದಿನಕ್ಕೆ ಹಳಸುವುದರಿಂದ ಅದರ ಜಾಗ ಫ್ರಿಜ್ಜು. ನೋಡಲು ಬೆಲ್ಲದ ಪಾನಕದಂತಿರುತ್ತದೆ. ಬಾಟಲಿಯ ಮೇಲಿನ 'ಕುಡಿಯಬಾರದು' ಎಂಬ ಚೀಟಿ ಸಾಮಾನ್ಯವಾಗಿ ಭಾವಮೈದುನ ಬಂದುಹೋದ ಮೇಲೆ ಅಂಟಿಸಿದ್ದು.

ಕಾಯಿ ಪಕ್ಕದ ಬೀದಿಯಲ್ಲೇ ಸಿಗುತ್ತದೆ. ಆದರೆ ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆಯೆಂದು ರಾಯರು ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಗೇ ಹೋಗುತ್ತಾರೆ, ಬರುವಾಗ ಮೂಟೆ ಭಾರವೆಂದು ಆಟೋ ಹಿಡಿಯುತ್ತಾರೆ. ಜಮಾಖರ್ಚಿನ ಪುಸ್ತಕದಲ್ಲಿ ಆಟೋ ಬಾಡಿಗೆ 'ಪ್ರಯಾಣ' ಎಂದೂ, ರಸ ಕುದಿಸಿದ ಗ್ಯಾಸು 'ಅಡುಗೆ' ಎಂದೂ ಬೇರೆ ಬೇರೆ ಲೆಕ್ಕಕ್ಕೆ ಹೋಗುತ್ತವೆ. 'ಶುಚಿತ್ವ' ಎಂಬ ಪುಟದಲ್ಲಿ ಉಳಿತಾಯವಲ್ಲದೆ ಬೇರೇನೂ ಕಾಣದು.

ಎರಡನೆಯ ಸರಕು ಬಯೋ ಎನ್ಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಮೂಸಂಬಿಯ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಹುದುಗಬೇಕು. ಮೊದಲ ತಿಂಗಳು ಅನಿಲ ಏಳುವುದರಿಂದ ದಿನವೂ ಮುಚ್ಚಳ ಸಡಿಲಿಸಬೇಕು, ಗಾಜಿನ ಬಾಟಲಿ ಕೂಡದು. ಬ್ಯಾಂಕಿನಿಂದ ಬಂದ ರಾಯರು ಪ್ರತಿ ಬಾಟಲಿಗೂ ಇಟ್ಟ ದಿನಾಂಕ, ಮೆಚ್ಯೂರಿಟಿ ದಿನಾಂಕ ಬರೆದು ಸಹಿ ಹಾಕುತ್ತಾರೆ. ಹಬ್ಬಕ್ಕೆ ನೆಲ ಒರೆಸಲು ಹೆಂಡತಿ ಒಂದು ಬಾಟಲಿ ಕೇಳಿದರೆ ಅವಧಿಗೆ ಮುನ್ನ ಹಿಂಪಡೆಯಲು ಅವಕಾಶವಿಲ್ಲ. ಅವರು ಮದುವೆಗೆಂದು ನಾಲ್ಕು ದಿನ ಊರಿಗೆ ಹೋದಾಗ ಮುಚ್ಚಳ ಸಡಿಲಿಸುವವರಿಲ್ಲದೆ ಬಾಟಲಿಯೊಂದು ಮಧ್ಯರಾತ್ರಿ ಸಿಡಿಯುವುದು, ಕೆಳಗಿನ ಮನೆಯವರು ಗಾಬರಿಯಿಂದ ಫೋನ್ ಮಾಡುವುದು ಈ ಜೀವನಕ್ರಮದ ವಾಡಿಕೆ.

ಮೂರನೆಯದು ಅಡಿಗೆ ಸೋಡಾ. ಬಂದ ನೆಂಟರಿಗೆ ಕಾಫಿಯಾದ ಮೇಲೆ ಸಿಂಕಿನ ಬಳಿ ಪ್ರಾತ್ಯಕ್ಷಿಕೆ ಇರುತ್ತದೆ. ಸೋಡಾ ಉದುರಿಸಿ ಮೇಲೆ ವಿನೆಗರ್ ಹೊಯ್ದರೆ ಬುಸ್ಸೆಂದು ನೊರೆ ಉಕ್ಕುತ್ತದೆ, ನೆಂಟರು ಬೆರಗಾಗುತ್ತಾರೆ, ಕೊಳೆ ಇದ್ದಲ್ಲೇ ಇರುತ್ತದೆ. ಕ್ಷಾರ, ಆಮ್ಲ ಎರಡೂ ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯುವುದು ಇಂಗಾಲದ ಡೈಆಕ್ಸೈಡು, ನೀರು, ತುಸು ಲವಣ. ಬೇರೆಬೇರೆಯಾಗಿ ಎರಡೂ ಕೆಲಸಕ್ಕೆ ಬರುತ್ತವೆ. ಒಲೆಯ ಜಿಡ್ಡಿಗೆ ಸೋಡಾ, ಕೊಳವೆಬಾವಿಯ ಗಡಸು ನೀರು ನಲ್ಲಿಗೆ ಕಟ್ಟಿದ ಬಿಳಿ ಪೊರೆಗೆ ವಿನೆಗರ್ ಅಥವಾ ನಿಂಬೆ. ಇದನ್ನು ಹೇಳಿದರೆ ರಾಯರು ಒಪ್ಪುತ್ತಾರೆ, ಆದರೆ ಮುಂದಿನ ನೆಂಟರಿಗೂ ಬುಸ್ಸೆನ್ನಿಸಿಯೇ ತೋರಿಸುತ್ತಾರೆ.

ನೀರಿನ ವಿಷಯದಲ್ಲಿ ಇವರನ್ನು ಮೀರಿಸುವವರಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ನೆಲ ಒರೆಸಲು, ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಟದ ನೀರು ಪಾಯಿಖಾನೆಗೆ, ಅಕ್ಕಿ ತೊಳೆದ ನೀರು ಗಿಡಕ್ಕೆ. ಮೂರೂ ನಿಜಕ್ಕೂ ಒಳ್ಳೆಯ ಪದ್ಧತಿಗಳೇ. ಕಷ್ಟವೆಂದರೆ, ಬಣ್ಣದ ಪಟ್ಟಿ ಕಟ್ಟಿದ ಬಕೆಟ್ಟುಗಳು ಬಚ್ಚಲಿನಿಂದ ಬಾಲ್ಕನಿವರೆಗೆ ಸಾಲುಗಟ್ಟಿರುತ್ತವೆ. ಸ್ನಾನಕ್ಕೆ ಹೋಗುವವರು ಯಾವುದನ್ನೂ ಒದೆಯದೆ, ಯಾವುದನ್ನೂ ಚೆಲ್ಲದೆ ದಾಟಬೇಕು. ಚೆಲ್ಲಿದರೆ ಅದನ್ನೂ ಬಟ್ಟೆಯಲ್ಲಿ ಒರೆಸಿ ಹಿಂಡಿ ಬಕೆಟ್ಟಿಗೇ ಸೇರಿಸುವ ನಿಯಮವಿದೆ.

ಇಷ್ಟೆಲ್ಲದರ ನಡುವೆ ಉಜ್ಜುವವರು ಯಾರು ಎಂಬ ಪ್ರಶ್ನೆ ಜಮಾಖರ್ಚಿನಲ್ಲಿ ಬರುವುದಿಲ್ಲ. ಉಜ್ಜುವುದು ಕೆಲಸದಾಕೆ, ಆಕೆ ಬಾರದ ದಿನ ಹೆಂಡತಿ. ಹೊಸ ದ್ರಾವಣ ಜಾರಿಗೆ ಬಂದ ದಿನ ಸಾಮಾನ್ಯವಾಗಿ ಹೀಗೆ ಮಾತು ನಡೆಯುತ್ತದೆ:

"ಸಾರ್, ಇದ್ರಲ್ಲಿ ನೊರೇನೇ ಬರಲ್ಲ."

"ನೊರೆ ಬೇರೆ, ಕೊಳೆ ಹೋಗೋದು ಬೇರೆ ಕಣಮ್ಮಾ. ನೊರೆ ಬರೀ ಕಣ್ಣಿಗೆ."

"ಕೊಳೇನೂ ಹೋಗಿಲ್ಲ ಸಾರ್."

ರಾಯರು ಹೇಳಿದ್ದು ಸರಿ. ನೊರೆ ಹೆಚ್ಚಿದ್ದರೆ ಕೊಳೆ ಹೆಚ್ಚು ಹೋಗುತ್ತದೆಂದೇನೂ ಇಲ್ಲ. ಆಕೆ ಹೇಳಿದ್ದೂ ಸರಿ. ರೇಷ್ಮೆಗೆ, ಒಂದೆರಡು ಸಲ ಉಟ್ಟ ಬಟ್ಟೆಗೆ ಅಂಟುವಾಳ ಸಾಕು. ಮೊಮ್ಮಗನ ಯೂನಿಫಾರ್ಮಿನ ಕಾಲರಿಗೆ, ಎಣ್ಣೆ ಹಿಡಿದ ಬಾಣಲೆಗೆ ಸಾಲದು. ಸಾಲದಿದ್ದಷ್ಟನ್ನು ತುಂಬಿಕೊಡುವುದು ಆಕೆಯ ರಟ್ಟೆ. ರಾಯರು ಉಳಿಸಿದ ಎರಡು ಚಮಚ ಪುಡಿಗೆ ಆಕೆ ಕಾಲು ಗಂಟೆ ಹೆಚ್ಚು ಕುಕ್ಕುತ್ತಾಳೆ. ಹಾಗಾಗಿ ಸಿಂಕಿನ ಕೆಳಗೆ, ತೆಂಗಿನ ನಾರಿನ ಹಿಂದೆ, ಒಂದು ಬಾರ್ ಸೋಪು ಆಕೆಯ ಮತ್ತು ಅಮ್ಮಾವ್ರ ನಡುವಿನ ಒಪ್ಪಂದದಂತೆ ಸದಾ ಇರುತ್ತದೆ. ಪಾತ್ರೆ ಫಳಫಳಿಸಿದ್ದಕ್ಕೆ ಹೆಸರು ಬರುವುದು ಮಾತ್ರ ಎನ್ಜೈಮಿಗೆ.

ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಇವರ ಹಾಜರಾತಿ ನೂರಕ್ಕೆ ನೂರು. ಬ್ಲೀಚಿಂಗ್ ಪುಡಿಯ ಜೊತೆ ಆಮ್ಲ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಮೆಟ್ಟಿಲು ತೊಳೆಯುವವರಿಗೆ ತಿಳಿಸಿ ಎಂದು ಇವರು ಹೇಳುವುದು ಅಪ್ಪಟ ಸತ್ಯ, ಎಲ್ಲರೂ ಕೇಳಬೇಕಾದ್ದು. ಆದರೆ ಅದನ್ನು ಹೇಳಿದ ಉಸಿರಿನಲ್ಲೇ, ಅಂಟುವಾಳದ ನೀರು ಪ್ರಕೃತಿದತ್ತವಾದ್ದರಿಂದ ಆವರಣದ ತಾವರೆಕೊಳಕ್ಕೆ ಬಿಡಬಹುದು ಎಂದೂ ಸೂಚಿಸುತ್ತಾರೆ. ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಅಂಥ ಕಾಯಿ ಸೊಪ್ಪುಗಳನ್ನು ಅರೆದು ಹಳ್ಳಕ್ಕೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ಇದೆ. ಗಿಡದಿಂದ ಬಂದದ್ದೆಲ್ಲ ಸಾಧುವಲ್ಲವೆಂಬುದು ಹೀಗೆ ಮೀನುಗಳ ಕಡೆಯಿಂದ ಸಾಬೀತಾಗುವ ಮೊದಲೇ ಯಾರಾದರೂ ತಡೆಯುತ್ತಾರೆ.

ಹೆಂಡತಿ ವಾದಕ್ಕೆ ಬರುವುದಿಲ್ಲ. "ರೀ, ನಿಮ್ಮ ಕಷಾಯ ಆ ಕಡೆ ಸರಿಸ್ರಿ, ಮೊಸರಿಗೆ ಜಾಗ ಇಲ್ಲ" ಎಂಬುದಷ್ಟೇ ಆಕೆಯ ಆಕ್ಷೇಪಣೆ. ತಾಮ್ರದ ಚೊಂಬು ತೊಳೆಯಲು ರಾಯರು ಹೊಸ ಹುಣಸೆಹಣ್ಣು ನೆನೆಸುತ್ತಾರೆ. ಆಕೆ ಸಾರಿಗೆ ಹಿಂಡಿದ ಹುಣಸೆಯ ಹಿಪ್ಪೆಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜುತ್ತಾಳೆ. ಹುಳಿಯ ಆಮ್ಲ ತಾಮ್ರದ ಕಪ್ಪನ್ನು ಕರಗಿಸುವುದು ಎರಡರಲ್ಲೂ ಒಂದೇ, ಖರ್ಚು ಮಾತ್ರ ಒಂದರಲ್ಲೇ. ಪಂಚೆಗೆ ಹುಳಿ ಚೆಲ್ಲಿದರೆ ಆಕೆ ಸೋಪು ಹಚ್ಚುವುದಿಲ್ಲ. ಹಚ್ಚಿದರೆ ಅರಿಶಿನ ಕೆಂಪಗೆ ತಿರುಗುತ್ತದೆ. ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕುತ್ತಾಳೆ, ಹಳದಿ ತಾನಾಗಿ ಮಾಸುತ್ತದೆ. ಹಳೆಯ ಬನಿಯನ್ನು ನೆಲ ಒರೆಸುವ ಬಟ್ಟೆಯಾಗುತ್ತದೆ, ಮೆಷಿನ್ನು ತುಂಬುವವರೆಗೆ ತಿರುಗುವುದಿಲ್ಲ, ಪುಡಿ ಪೊಟ್ಟಣದಲ್ಲಿ ಬರೆದದ್ದರ ಅರ್ಧದಷ್ಟೇ ಬೀಳುತ್ತದೆ. ಇದಕ್ಕೆ ಆಕೆ ಪರಿಸರ ಎನ್ನುವುದಿಲ್ಲ, ಪುಸ್ತಕದಲ್ಲಿ ಬರೆಯುವುದೂ ಇಲ್ಲ.

ಅವತಾರ ಇಳಿಮುಖವಾಗುವುದು ಕೆಲಸದಾಕೆ ಊರ ಜಾತ್ರೆಗೆಂದು ಹದಿನೈದು ದಿನ ರಜೆ ಹಾಕಿದಾಗ, ಹೆಂಡತಿ ಅದೇ ವಾರ ಮಗಳ ಬಾಣಂತನಕ್ಕೆ ಹೋದಾಗ. ಮೊದಲ ದಿನ ರಾಯರು ತಾವೇ ಅಂಟುವಾಳದಲ್ಲಿ ಬಾಣಲೆ ಉಜ್ಜುತ್ತಾರೆ. ಎರಡನೆಯ ದಿನ ಬಾಣಲೆಯನ್ನು ನೆನೆಯಲು ಬಿಡುತ್ತಾರೆ. ಮೂರನೆಯ ದಿನ ನಾರಿನ ಹಿಂದೆ ಕೈಯಾಡಿಸಿ ಬಾರ್ ಸೋಪು ಕಂಡುಹಿಡಿಯುತ್ತಾರೆ. ಅದು ಯಾರದೆಂದು ಯಾರನ್ನೂ ಕೇಳುವುದಿಲ್ಲ. ಮುಗಿದ ಮೇಲೆ ಹೊಸದು ತಂದು ಅಲ್ಲೇ ಇಟ್ಟು, ಪುಸ್ತಕದಲ್ಲಿ 'ಇತರೆ' ಎಂದು ಬರೆದುಕೊಳ್ಳುತ್ತಾರೆ.

ಆಮೇಲೆ ಮನೆಯಲ್ಲಿ ಉಳಿಯುವುದು ಹುಣಸೆಯ ಹಿಪ್ಪೆ, ಬಿಸಿಲು, ಅರ್ಧ ಅಳತೆಯ ಪುಡಿ, ಎರಡು ಬಕೆಟ್ಟು, ಮತ್ತು ಇವೆಲ್ಲ ತಾವೇ ಕಂಡುಹಿಡಿದದ್ದೆಂಬ ರಾಯರ ನಂಬಿಕೆ. ಮಿಕ್ಕ ಅಂಟುವಾಳ ವರ್ಷಕ್ಕೆರಡು ಸಲ ರೇಷ್ಮೆ ಸೀರೆಗೆ ಇಳಿಯುತ್ತದೆ. ಖಾಲಿ ಬಾಟಲಿ, ಚೀಟಿ, ತಕ್ಕಡಿಗಳನ್ನು ಮೂರನೆಯ ಮಹಡಿಯಲ್ಲಿ ಆಗಷ್ಟೇ ನಿವೃತ್ತರಾದ ಇನ್ನೊಬ್ಬರಿಗೆ ಪಟ್ಟಿ ಮಾಡಿ, ಸಹಿ ಪಡೆದು, ವಿಧಿವತ್ತಾಗಿ ಚಾರ್ಜು ವಹಿಸಿಕೊಡಲಾಗುತ್ತದೆ.