ಗಂಟೆಮೀಟರಿನ ಮೀಮಾಂಸೆ: ಛತ್ರದ ಜನರೇಟರನ್ನು ಕುರಿತ ಒಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ನಿವೇದಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ ಆ ಋಣವನ್ನು ಇಲ್ಲಿಯೇ ತೀರಿಸಿಬಿಡುತ್ತೇನೆ. ಕಲ್ಯಾಣಮಂಟಪಗಳ ಹಿತ್ತಿಲಿನಲ್ಲಿ, ಪಾತ್ರೆ ತೊಳೆಯುವ ಕಟ್ಟೆಗೂ ಸೌದೆಯ ರಾಶಿಗೂ ನಡುವೆ, ತಗಡಿನ ಮಾಡಿನಡಿಯಲ್ಲಿ ವಾಸಿಸುವ ಡೀಸೆಲ್ ಜನರೇಟರು, ಹಾಗೂ ಅದರ ಪ್ಯಾನೆಲಿನ ಮೇಲೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕುಳಿತಿರುವ ಗಂಟೆಮೀಟರು ಇಲ್ಲಿಯ ವಿಷಯ. ಮಾಂಗಲ್ಯಧಾರಣೆಯ ಕಾಲಕ್ಕೆ ದೀಪ ಆರದಿರುವುದು ಪ್ರಯೋಜನ. ಮೀಟರಿನ ಅಂಕಿಗೂ ಮೆಕ್ಯಾನಿಕ್ಕಿನ ಸ್ಪ್ಯಾನರಿಗೂ ಇರಬೇಕಾದ, ಪ್ರಾಯಶಃ ಎಲ್ಲಿಯೂ ಇರದ, ಕಾರ್ಯಕಾರಣಭಾವವೇ ಸಂಬಂಧ. ಅಧಿಕಾರಿಯಾದರೋ, ಮಗಳ ಮದುವೆಗೆ ಛತ್ರ ಹುಡುಕುತ್ತಿರುವ ಯಾವ ಗೃಹಸ್ಥನಾದರೂ ಆದೀತು.

ಕಾಲವು ಏಕವೋ ಅನೇಕವೋ ಎಂಬ ಪುರಾತನ ವಿವಾದವನ್ನು ಗಂಟೆಮೀಟರು ಸುಲಭವಾಗಿ ಪರಿಹರಿಸಿದೆ. ಇಂಜಿನ್ ತಿರುಗಿದರೆ ಅದರ ಕಾಲ ನಡೆಯುತ್ತದೆ. ಇಂಜಿನ್ ನಿಂತರೆ ಕಾಲವೂ ನಿಂತಂತೆಯೇ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಛತ್ರ ಭಣಗುಟ್ಟುವಾಗ ಪಂಚಾಂಗದ ಹಾಳೆಗಳು ಮಗುಚಿಕೊಳ್ಳುತ್ತವೆಯೇ ಹೊರತು ಜನರೇಟರಿಗೆ ಒಂದು ಗಳಿಗೆಯೂ ವಯಸ್ಸಾಗುವುದಿಲ್ಲ. ವೈಶಾಖದಲ್ಲಿ ಲಗ್ನದ ಮೇಲೆ ಲಗ್ನ ಬಿದ್ದು, ಬೇಸಗೆಯ ಕರೆಂಟೂ ಕೈಕೊಟ್ಟಾಗ, ಒಂದೇ ಪಕ್ಷದಲ್ಲಿ ಅದು ವರ್ಷದ ಆಯುಸ್ಸನ್ನು ಸವೆಸುತ್ತದೆ. ಈ ಎರಡು ಕಾಲಗಳ ಸಮನ್ವಯವನ್ನು ಸಾಧಿಸಿದವರು ವೇದಾಂತಿಗಳಲ್ಲ, ಇಂಜಿನ್ ತಯಾರಕರು. ಆಯಿಲ್ ಬದಲಾವಣೆಗೆ ಅನೇಕ ಕೈಪಿಡಿಗಳು ವಿಧಿಸುವುದು 250 ಗಂಟೆ ಅಥವಾ ಆರು ತಿಂಗಳು, ಯಾವುದು ಮೊದಲು ಬರುವುದೋ ಅದು. ಓಡದ ಇಂಜಿನ್ನಿನ ಆಯಿಲ್ ಕೂಡ ತೇವವನ್ನು ಹೀರಿ, ಆಮ್ಲೀಯವಾಗಿ, ತನ್ನ ಗುಣವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಬ್ರಹ್ಮಚರ್ಯದಿಂದ ಮುಪ್ಪು ತಪ್ಪುವುದೆಂಬ ಭ್ರಾಂತಿ ಯಂತ್ರಗಳ ವಿಷಯದಲ್ಲಿಯೂ ಸಲ್ಲದು.

ಇನ್ನು ಪ್ರಮಾಣವಿಚಾರ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರು ಅಷ್ಟಕ್ಕೇ ಕೃತಕೃತ್ಯರಾದರು; ಹೊಗೆಯ ಬಣ್ಣವನ್ನು ಅವರು ವಿಚಾರಿಸಲಿಲ್ಲ. ಕಪ್ಪು ಹೊಗೆಯಿದ್ದರೆ ಗಾಳಿ ಸಾಲದೆ ಡೀಸೆಲ್ ಅರೆಬೆಂದಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ನೀಲಿಯಾದರೆ ಆಯಿಲ್ ಮೇಲೇರಿ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೆಯೂ ಬಿಳಿಯ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಇಳಿಯುತ್ತಿರುವ ಶಂಕೆಯುಂಟು. ಆದರೆ ಅನುಮಾನಪ್ರಮಾಣಕ್ಕೆ ಒಂದು ದೋಷವಿದೆ: ಹೊಗೆ ಕಾಣಿಸುವ ಹೊತ್ತಿಗೆ ಕೆಡಬೇಕಾದುದು ಕೆಟ್ಟಿರುತ್ತದೆ. ಮುಂಚಿತವಾಗಿ ನುಡಿಯುವುದು ಮೀಟರು ಮಾತ್ರ. ಫ್ರಾನ್ಸಿನ ಯೂಜೀನ್ ಬೂರ್ದೋಂ ಎಂಬವನು 1849ರಲ್ಲಿ, ಚಪ್ಪಟೆಯಾದ ಕೊಳವೆಯನ್ನು ಬಗ್ಗಿಸಿಟ್ಟರೆ ಒಳಗಿನ ಒತ್ತಡ ಏರಿದಂತೆ ಅದು ನೆಟ್ಟಗಾಗಲು ಹವಣಿಸುತ್ತದೆಂಬುದನ್ನು ಬಳಸಿಕೊಂಡು, ಆ ಹವಣಿಕೆಗೆ ಒಂದು ಮುಳ್ಳನ್ನು ಜೋಡಿಸಿದನು. ಪ್ಯಾನೆಲಿನ ಮೇಲಿನ ಆಯಿಲ್ ಪ್ರೆಷರ್ ಗೇಜು ಇಂದಿಗೂ ಅನೇಕ ಕಡೆ ಅದೇ ಬಗ್ಗಿದ ಕೊಳವೆಯೇ. ರುಡಾಲ್ಫ್ ಡೀಸೆಲನ ಇಂಜಿನ್ ಆಗ್ಸ್‌ಬರ್ಗ್ ನಗರದಲ್ಲಿ ಸಾರ್ಥಕವಾಗಿ ಓಡಿದ್ದು 1897ರಲ್ಲಿ. ಅಂದರೆ ನಾಡಿ ಹಿಡಿಯುವ ವೈದ್ಯ ಹುಟ್ಟಿ ಅರ್ಧ ಶತಮಾನವಾಗುತ್ತ ಬಂದ ಮೇಲೆ ರೋಗಿಯ ಜನನವಾಯಿತು. ಇಷ್ಟು ಮುನ್ನೆಚ್ಚರಿಕೆ ವಹಿಸಿದ ಸೃಷ್ಟಿಕರ್ತನು ಆಪರೇಟರನ್ನು ಸೃಜಿಸುವಾಗ ಏಕೆ ಮೈಮರೆತನೋ ತಿಳಿಯದು.

ಅಂಕಿಯ ಅರ್ಥನಿರ್ಣಯಕ್ಕೆ ನಾವು ಧ್ವನಿಸಿದ್ಧಾಂತದ ಆನಂದವರ್ಧನನನ್ನು ಆಶ್ರಯಿಸದೆ ವಿಧಿಯಿಲ್ಲ. ಚೈತ್ರದಲ್ಲಿ 4.2, ವೈಶಾಖದಲ್ಲಿ 3.9, ಜ್ಯೇಷ್ಠದಲ್ಲಿ 3.5 ಎಂದು ಆಯಿಲ್ ಪ್ರೆಷರ್ ದಾಖಲಾಗಿದ್ದರೆ, ವಾಚ್ಯಾರ್ಥದಲ್ಲಿ ಮೂರೂ ನಿರ್ದೋಷ, ಮೂರೂ ಮಿತಿಯೊಳಗೇ ಇವೆ. ಇಳಿಯುತ್ತಿರುವುದು ವ್ಯಂಗ್ಯಾರ್ಥ: ಬೇರಿಂಗ್ ಸವೆದಿದೆ, ಇಲ್ಲವೇ ಡೀಸೆಲ್ ಬೆರೆತು ಆಯಿಲ್ ತೆಳುವಾಗಿದೆ, ಇಲ್ಲವೇ ಪಂಪಿನ ಬಾಯಿಯ ಜಾಲರಿ ಕಟ್ಟಿದೆ. ಈ ಧ್ವನಿಯನ್ನು ಗ್ರಹಿಸಬೇಕಾದರೆ ಮೂರು ರೀಡಿಂಗುಗಳೂ ಒಂದೇ ವೇಗದಲ್ಲಿ, ಇಂಜಿನ್ ಒಂದೇ ಶಾಖಕ್ಕೆ ಬಂದ ಮೇಲೆ ತೆಗೆದವಾಗಿರಬೇಕು. ತಣ್ಣಗಿರುವಾಗ ಗಟ್ಟಿಯಾದ ಆಯಿಲ್ ಒತ್ತಡವನ್ನು ಹೆಚ್ಚಾಗಿ ತೋರಿಸಿ ಸಹೃದಯನನ್ನು ವಂಚಿಸುತ್ತದೆ.

ಆದರೆ ಸಹೃದಯನಿಗೆ ಕಾವ್ಯವೇ ದೊರೆಯದಿದ್ದರೆ? ಲಾಗ್‌ಬುಕ್ಕೆಂಬ ಸಾಹಿತ್ಯಪ್ರಕಾರವನ್ನು ನಮ್ಮ ಆಲಂಕಾರಿಕರು ಲಕ್ಷಿಸದೆ ಹೋದದ್ದು ವಿಷಾದಕರ. ದಿನಾಂಕ, ಗಂಟೆ, ಆಯಿಲ್ ಪ್ರೆಷರ್, ನೀರಿನ ಶಾಖ, ವೋಲ್ಟೇಜು, ಡೀಸೆಲ್, ಸಹಿ ಎಂದು ಗೆರೆ ಹೊಡೆದ ಆ ಪುಟಗಳಲ್ಲಿ 4.0, 80, 415 ಎಂಬ ತ್ರಿಪದಿಯು ಮೊದಲ ಸಾಲಿನಲ್ಲಿ ಅವತರಿಸಿ, ಅನಂತರ ಮೇಲಿನಂತೆಯೇ ಎಂಬ ಎರಡು ಚುಕ್ಕಿಗಳ ರೂಪದಲ್ಲಿ ಪುಟಾಂತದವರೆಗೆ ಧಾರೆಯಾಗಿ ಇಳಿಯುತ್ತದೆ. ಮಾಸಾಂತ್ಯದ ಒಂದು ಮಧ್ಯಾಹ್ನ, ಊಟವಾದ ಮೇಲೆ, ಒಂದೇ ಆಸನದಲ್ಲಿ ಇಡೀ ತಿಂಗಳು ರಚಿತವಾಯಿತೆಂಬುದಕ್ಕೆ ಮಸಿಯ ಬಣ್ಣವೂ ಅಕ್ಷರದ ಓಲುವಿಕೆಯೂ ಆಂತರಿಕ ಸಾಕ್ಷ್ಯ. ಛತ್ರಕ್ಕೆ ಬೀಗ ಬಿದ್ದಿದ್ದ ಆಷಾಢದ ದಿನಗಳಲ್ಲಿಯೂ ಒತ್ತಡ 4.0 ಎಂದೇ ಇರುತ್ತದೆ. ನಿಂತ ಇಂಜಿನ್ನಿನ ಒತ್ತಡ ಸೊನ್ನೆಯೆಂಬ ಭೌತಶಾಸ್ತ್ರದ ಕ್ಷುದ್ರ ನಿಯಮ ಪ್ರತಿಭೆಯನ್ನು ಕಟ್ಟಿಹಾಕಲಾರದು. ರಸ ಯಾವುದೆಂದು ಕೇಳಿದರೆ, ಶಾಂತ. ಕವಿಯನ್ನು ದೂರುವ ಮೊದಲು ವಿಮರ್ಶಕನನ್ನೂ ಹುಡುಕಬೇಕು: ಆ ಪುಸ್ತಕವನ್ನು ಛತ್ರದ ಯಾವ ವ್ಯವಸ್ಥಾಪಕನಾದರೂ ತೆರೆದು ಓದಿದ್ದರೆ ಕವಿತೆ ಎಂದೋ ಗದ್ಯವಾಗಿರುತ್ತಿತ್ತು.

ರೀಡಿಂಗು ನಿಜವೇ ಆದರೂ ಅದನ್ನು ಓದುವುದರಲ್ಲಿ ಅಪಾಯವಿದೆ. ಬಹುಪಾಲು ಗಂಟೆಮೀಟರುಗಳ ಕೊನೆಯ ಅಂಕಿ ಬೇರೆಯ ಬಣ್ಣದಲ್ಲಿದ್ದು ಗಂಟೆಯ ಹತ್ತನೆಯ ಒಂದು ಭಾಗವನ್ನು ಸೂಚಿಸುತ್ತದೆ; 1246.5 ಎಂಬುದನ್ನು 12465 ಎಂದು ಬರೆದುಕೊಂಡವನ ದೃಷ್ಟಿಯಲ್ಲಿ ತರುಣ ಇಂಜಿನ್ ಒಮ್ಮೆಲೇ ಭೀಷ್ಮನಾಗಿಬಿಡುತ್ತದೆ. ಮೀಟರು ಕೆಟ್ಟು ಹೊಸದನ್ನು ಕೂಡಿಸಿದಾಗ ಅಂಕಿ ಸೊನ್ನೆಯಿಂದ ಆರಂಭವಾಗುವುದನ್ನು ಪುನರ್ಜನ್ಮವೆನ್ನಬಹುದಾದರೂ, ಸಂಚಿತಕರ್ಮ ಸಿಲಿಂಡರಿನಲ್ಲಿಯೇ ಉಳಿದಿರುತ್ತದೆ. ಹಳೆಯ ಮೀಟರಿನ ಕೊನೆಯ ಅಂಕಿಯನ್ನು ಬರೆದಿಟ್ಟು ಕೂಡಿಸಿಕೊಳ್ಳದವನಿಗೆ ಮುಂದಿನ ಸರ್ವೀಸ್ ಯಾವ ಜನ್ಮದಲ್ಲಿ ಬರಬೇಕೆಂಬುದೇ ತಿಳಿಯದು.

ಸರ್ವೀಸಿನ ಕಾಲನಿರ್ಣಯದಲ್ಲಿ ಎರಡು ಮತಗಳಿವೆ. 250ಕ್ಕೆ ಆಗಬೇಕಾದದ್ದು ಮದುವೆಗಳ ಗಲಾಟೆಯಲ್ಲಿ 280ಕ್ಕೆ ಆಯಿತೆನ್ನಿ. ಮುಂದಿನದು 500ಕ್ಕೇ ಎಂಬುದು ನಿಯತವಾದಿಗಳ ಪಕ್ಷ. ಅಲ್ಲ, 530ಕ್ಕೆ ಎಂಬುದು ಅನುಗತವಾದಿಗಳದು. ಆಯಿಲಿನ ಮಟ್ಟಿಗೆ ಎರಡನೆಯವರೇ ಸರಿ, ಏಕೆಂದರೆ ಆಯಿಲಿನ ವಯಸ್ಸು ಸುರಿದ ಗಳಿಗೆಯಿಂದ ಮೊದಲಾಗುತ್ತದೆ. ಆದರೆ 500ಕ್ಕೊಮ್ಮೆ, 1000ಕ್ಕೊಮ್ಮೆ ಬರುವ ದೊಡ್ಡ ಕೆಲಸಗಳು ಚಿಕ್ಕವುಗಳೊಡನೆ ಒಂದೇ ದಿನ ಕೂಡಿಬರಬೇಕೆಂದರೆ ಮೊದಲನೆಯವರ ಪಟ್ಟಿಯೇ ಅನುಕೂಲ. 280 ಎಂಬುದನ್ನು ಎಲ್ಲಿಯೂ ಬರೆಯದೆ ಎರಡೂ ಮತಗಳನ್ನು ಏಕಕಾಲಕ್ಕೆ ಖಂಡಿಸುವ ಮೂರನೆಯ ಪಂಥವೇ ನಾಡಿನಲ್ಲಿ ಬಹುಸಂಖ್ಯಾತ.

ಕೆಡದೆ ಇರುವುದನ್ನು ಕೆದಕಬಾರದೆಂಬ ಪೂರ್ವಪಕ್ಷವನ್ನು ಹಗುರವಾಗಿ ಕಾಣಲಾಗದು. ಅದಕ್ಕೆ ಪಂಡಿತರ ಬೆಂಬಲವುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ವಾಯುದಳದ ದಾಖಲೆಗಳನ್ನು ಶೋಧಿಸಿದ ಸಿ. ಎಚ್. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ, ನಿಗದಿತ ತಪಾಸಣೆ ಮುಗಿದ ಬೆನ್ನಿಗೇ ವಿಮಾನಗಳ ದುರಸ್ತಿ ಹೆಚ್ಚಿ, ಬರಬರುತ್ತ ಇಳಿಯುವುದನ್ನು ಕಂಡನು. ಆತನ ಗ್ರಂಥ 1973ರಲ್ಲಿ ಅಚ್ಚಾಯಿತು. ಛತ್ರದವರು ಅದನ್ನು ಓದಿಲ್ಲ, ಓದದೆಯೇ ಅದರಂತೆ ನಡೆಯುತ್ತಾರೆ. ಆದರೆ ವಾಡಿಂಗ್ಟನ್ ಹೇಳಿದ್ದು ಅನಗತ್ಯವಾಗಿ ಬಿಚ್ಚಬೇಡಿ, ತಪಾಸಣೆಯ ಅಂತರವನ್ನು ಹಿಗ್ಗಿಸಿ ಎಂದು. ಅಂತರವನ್ನು ಅನಂತಕ್ಕೆ ಹಿಗ್ಗಿಸಿ ಎಂದಲ್ಲ. ಅವನಿಗೆ ಹಾಗೆ ಹೇಳಲು ಸಾಧ್ಯವಾದದ್ದಾದರೂ ಯಾರೋ ಪ್ರಾಮಾಣಿಕವಾಗಿ ಗಂಟೆಗಳನ್ನು ಬರೆದಿಟ್ಟಿದ್ದರಿಂದಲೇ.

ಆದಕಾರಣ, ಅಧಿಕಾರಿಯಾದ ಗೃಹಸ್ಥನಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಛತ್ರಕ್ಕೆ ಮುಂಗಡ ಕೊಡುವ ಮುನ್ನ ಊಟದ ಹಾಲಿನ ಉದ್ದಗಲವನ್ನು ನೋಡಿ ಮುಗಿಸಿ ಹಿತ್ತಿಲಿಗೂ ಒಮ್ಮೆ ಹೋಗಿ. ಮೀಟರಿನಲ್ಲಿರುವ ಅಂಕಿಯನ್ನು ಬರೆದುಕೊಂಡು, ಕಳೆದ ಸಲ ಆಯಿಲ್ ಬದಲಾಯಿಸಿದಾಗ ಅದು ಎಷ್ಟಿತ್ತೆಂದೂ, ಯಾವ ತಿಂಗಳೆಂದೂ ಕೇಳಿ ಕಳೆಯಿರಿ. ಉಳಿದದ್ದು 250ಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ ಆರು ತಿಂಗಳು ದಾಟಿದ್ದರೆ, ಸರ್ವೀಸ್ ಮಾಡಿಸಿದ ಮೇಲೆಯೇ ಮುಂಗಡವೆಂದು ಹೇಳಿ. ಕೇಳಿದ ಪ್ರಶ್ನೆಗೆ ಉತ್ತರವೇ ಬಾರದಿದ್ದರೆ ಬೇರೆ ಛತ್ರ ನೋಡಿಕೊಳ್ಳಿ.