‘ನಾ ಬೀಳಂಗಿಲ್ರಿ, ನನ್ನ ಕೆಡವತಾರ’

ಚಿಕ್ಕೋಡಿಯ ಒಂದು ಮನೆ. ಪಹಣಿ, ಕಬ್ಬಿನ ಬಿಲ್ಲು, ಚಿಂಚಲಿ ಜಾತ್ರೆಯ ಫೋಟೊ, ನಿಪ್ಪಾಣಿಯಲ್ಲಾದ ಮದುವೆಯ ವಿಡಿಯೊ ಎಲ್ಲವೂ ಇರುವ ಹಳೆಯ ಕಂಪ್ಯೂಟರು. ಅದರ ಫೈಲ್ ಎಕ್ಸ್‌ಪ್ಲೋರರ್ ಈಚೆಗೆ ಪದೇಪದೇ ಕುಸಿಯುತ್ತಿದೆ. ಹಳದಿ ಫೋಲ್ಡರ್ ಒತ್ತಿದರೆ ಕಿಟಕಿ ಬಿಳಿಚಿಕೊಳ್ಳುತ್ತದೆ, ಕೆಳಗಿನ ಟಾಸ್ಕ್‌ಬಾರೂ ಮಾಯವಾಗಿ ಮತ್ತೆ ಬರುತ್ತದೆ. ‘ಫಾರ್ಮ್ಯಾಟ್ ಹೊಡಸೂಣು’ ಎಂದು ಮನೆಯವರು ತೀರ್ಪು ಕೊಟ್ಟಾಗಿದೆ. ಆರೋಪಿಯ ಹೇಳಿಕೆಯನ್ನೂ ಕೇಳಬೇಕಲ್ಲ ಎಂದು ಎರಡು ಕುಸಿತಗಳ ನಡುವೆ ಮಾತಿಗೆಳೆದೆವು.

ಪ್ರಶ್ನೆ: ನಮಸ್ಕಾರ್ರಿ. ಆರಾಮ ಅದೀರೇನು?

ಎಕ್ಸ್‌ಪ್ಲೋರರ್: ನಮಸ್ಕಾರ್ರಿ. ಈಗರೆ ಎದ್ದು ಕುಂತೇನಿ. ಜಲ್ದಿ ಕೇಳ್ರಿ, ಯಾರರೆ ಬಂದು ರೈಟ್ ಕ್ಲಿಕ್ ಮಾಡೂದರಾಗ ಮುಗಸೂಣು.

ಪ್ರಶ್ನೆ: ಮೊದಲ ನಿಮ್ಮ ಮನೆತನದ್ದು ಹೇಳ್ರಿ.

ಎಕ್ಸ್‌ಪ್ಲೋರರ್: ನಮ್ಮ ಹಿರ್ಯಾ ಫೈಲ್ ಮ್ಯಾನೇಜರ್ ಅಂತ, 1990ರ ವಿಂಡೋಸ್ 3.0ದಾಗ ಬಂದಾಂವ. 1995ರ ಆಗಸ್ಟ್ 24ಕ್ಕ ವಿಂಡೋಸ್ 95 ಬಂತು, ನಾ ಹುಟ್ಟಿದೆ. ಮುದುಕ ಇನ್ನೂ ಗಟ್ಟಿ ಅದಾನ. 2018ರಾಗ ಮೈಕ್ರೋಸಾಫ್ಟ್ ಅವನ ಸೋರ್ಸ್ ಕೋಡ್ ಮಂದಿಗೆಲ್ಲಾ ಬಿಟ್ಟಕೊಟ್ತು, ವಿಂಡೋಸ್ 10ರಾಗೂ ಓಡ್ಯಾಡತಾನ. ಅವಗ ಮದುವಿ ವಿಡಿಯೊದ ಸಣ್ಣ ಚಿತ್ರ ತೋರಸೂ ಕೆಲಸ ಇಲ್ಲ ನೋಡ್ರಿ, ಅದಕ್ಕ ಆರೋಗ್ಯ.

ಪ್ರಶ್ನೆ: ಬೀಳೂದು ನೀವು, ಟಾಸ್ಕ್‌ಬಾರ್ ಯಾಕ ಹೋಗತೈತಿ? ಕಂಪ್ಯೂಟರ ಸತ್ತೇ ಹೋತು ಅಂತ ಮನಿಯವರು ಗಾಬರಿ ಆಗ್ಯಾರ.

ಎಕ್ಸ್‌ಪ್ಲೋರರ್: ಟಾಸ್ಕ್‌ಬಾರ್ ನಂದ, ಡೆಸ್ಕ್‌ಟಾಪಿನ ಚಿತ್ರಗೋಳೂ ನನ್ನವ, ಫೋಲ್ಡರ್ ತಗಿಯೂದೂ ನಾನ. ಮೂರಕ್ಕೂ ಒಂದ ಪ್ರೋಗ್ರಾಮ್, ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ. ನಿಮ್ಮ ಚಿಕ್ಕೋಡಿ ಕತೀನ ನಂದು. ಕೆಎ-23 ಅಂತ ಆರ್‌ಟಿಒ ನಂಬರ್ ಐತಿ, ಶೈಕ್ಷಣಿಕ ಜಿಲ್ಲಾ ಐತಿ, ಲೋಕಸಭಾ ಕ್ಷೇತ್ರ ಐತಿ. ಬೋರ್ಡ್ ಮಾತ್ರ ತಾಲೂಕಿಂದು. ಡಿಸಿ ಸಾಹೇಬ್ರನ್ನ ಕಾಣಬೇಕಂದ್ರ ಅಥಣಿ, ಕಾಗವಾಡದವರೂ ಒಂದ ದಿನ ಕಳದು ಬೆಳಗಾವಿಗೇ ಹೋಗಬೇಕು. ಇಷ್ಟೆಲ್ಲಾ ಹೊತಗೊಂಡಾಂವ ಒಮ್ಮೆ ಕುಂತ್ರ ‘ಸತ್ತ’ ಅಂತೀರಿ. ಟಾಸ್ಕ್‌ಬಾರ್ ಹೋದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿ ಒತ್ರಿ, ಟಾಸ್ಕ್ ಮ್ಯಾನೇಜರ್ ಬರತಾನ. ಅದರಾಗ ‘ವಿಂಡೋಸ್ ಎಕ್ಸ್‌ಪ್ಲೋರರ್’ ಹುಡುಕಿ ‘ರೀಸ್ಟಾರ್ಟ್’ ಕೊಡ್ರಿ. ಎದ್ದು ನಿಂದರತೇನಿ. ಅದಕ್ಕ ಗ್ವಾಡಿಯೊಳಗಿನ ಸ್ವಿಚ್ ಆರಸಬಾರದ್ರಿ! ಹಂಗ ಆರಸಿದ್ರ ಡಿಸ್ಕ್ ಮ್ಯಾಲೆ ಬರಕೋತಿದ್ದದ್ದು ಅರ್ಧಕ್ಕ ನಿಂತು, ಚಲೋ ಇದ್ದ ಫೈಲೂ ಕೆಡತಾವ. ಕರೆಂಟ್ ಹೋಗಿ ಬಂದ್ರೂ ಅದ ಕತಿ. ಕಬ್ಬಿನ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಹಾಕತೀರಿ, ನನಗೊಂದು ಯುಪಿಎಸ್ ಹಾಕಾಕ ಕೈ ಬರಂಗಿಲ್ಲ.

ಪ್ರಶ್ನೆ: ಆದ್ರೂ ನೀವ ಬೀಳತೀರಲ್ಲ?

ಎಕ್ಸ್‌ಪ್ಲೋರರ್: ನಾ ಬೀಳಂಗಿಲ್ರಿ, ನನ್ನ ಕೆಡವತಾರ. ರೈಟ್ ಕ್ಲಿಕ್ ಮಾಡಿದ್ರ ಒಂದು ಪಟ್ಟಿ ಬರತೈತಲ್ಲ, ಅದರಾಗ ನನ್ನವು ಎಷ್ಟು, ಬಾಡಿಗಿಯವರು ಎಷ್ಟು ನೋಡೀರೇನು? ಝಿಪ್ ಬಿಚ್ಚಾವ ಒಬ್ಬ, ಆ್ಯಂಟಿವೈರಸ್ ಒಬ್ಬ, ಕ್ಲೌಡ್‌ಗೆ ಏರಸಾಂವ ಒಬ್ಬ, ಪಿಡಿಎಫ್ ಕೂಡಸಾಂವ ಮತ್ತೊಬ್ಬ. ಇವಕ್ಕ ಶೆಲ್ ಎಕ್ಸ್‌ಟೆನ್ಶನ್ ಅಂತಾರ. ಇವು ಹೊರಗ ನಿಂತು ಕೆಲಸ ಮಾಡಂಗಿಲ್ಲ, ನನ್ನ ಪಡಸಾಲ್ಯಾಗ ಬಂದು ಕುಂದರತಾವ. ಅದರಾಗ ಒಬ್ಬ ಎಡವಿದ್ರ ನನ್ನನ್ನೂ ಜಗ್ಗಿಕೊಂಡ ಬೀಳತಾನ. ಪೇಪರಿನ್ಯಾಗ ಹೆಸರು ಬರೂದು ನಂದು.

ಪ್ರಶ್ನೆ: ಈ ಮನ್ಯಾಗ ಅಂಥಾ ಕಿತಾಪತಿ ಮಾಡಿದಾಂವ ಯಾರು?

ಎಕ್ಸ್‌ಪ್ಲೋರರ್: ಒಮ್ಮೆ ಪರೀಕ್ಷಾ ಅರ್ಜಿ ಬಿಚ್ಚಾಕ ಅಂತ ಹುಡುಗ ಒಂದು ಉಚಿತ ಝಿಪ್ ಸಾಫ್ಟ್‌ವೇರ್ ಹಾಕಿದ್ದ. ಅರ್ಜಿ ಬಿಚ್ಚಿತು, ಹುಡುಗ ಪಾಸಾಗಿ ಪುಣೆಗೆ ಹೋದ, ಸಾಫ್ಟ್‌ವೇರ್ ಇಲ್ಲೇ ಉಳೀತು. ಇನ್ನ ಈ ಮನಿ ಕಾಕಾನ ರಿಫ್ರೆಶ್ ಚಟ ಕೇಳ್ರಿ. ಕಾಕಾ ಕುರ್ಚಿ ಮ್ಯಾಲೆ ಕುಂತ ಕೂಡ್ಲೆ ರೈಟ್ ಕ್ಲಿಕ್, ರಿಫ್ರೆಶ್. ಮತ್ತ ರೈಟ್ ಕ್ಲಿಕ್, ರಿಫ್ರೆಶ್. ಅದರಿಂದ ಕಂಪ್ಯೂಟರ ಚುರುಕ ಆಗತೈತಿ ಅಂತ ಅವರ ನಂಬಿಕಿ. ರಿಫ್ರೆಶ್ ಅಂದ್ರ ಕಣ್ಣಮುಂದಿನ ಪಟ್ಟಿ ಮತ್ತೊಮ್ಮೆ ಬರದು ತೋರಸೂದು, ಅಷ್ಟ. ಚುರುಕಾಗೂದು ದೂರ ಉಳೀತು, ಪ್ರತೀ ರೈಟ್ ಕ್ಲಿಕ್ಕಿಗೂ ಆ ಬಾಡಿಗಿಯವರು ಎದ್ದು ಪಟ್ಟಿಯೊಳಗ ಹೆಸರು ಹಚ್ಚಾಕ ಓಡಿ ಬರತಾರ. ಆ ಝಿಪ್ಪಿನಾಂವ ಎಡವತಾನ, ನಾ ಬೀಳತೇನಿ. ನಾ ಎದ್ದ ಮ್ಯಾಲೆ ಕಾಕಾ ಏನ ಮಾಡತಾರ ಹೇಳ್ರಿ?

ಪ್ರಶ್ನೆ: ರಿಫ್ರೆಶ್.

ಎಕ್ಸ್‌ಪ್ಲೋರರ್: ಹಾಂ. ಔಷಧಾನ ರೋಗ ಆಗೇತಿ.

ಪ್ರಶ್ನೆ: ಮದುವಿ ವಿಡಿಯೊ ಫೋಲ್ಡರ್ ತಗದ್ರೂ ಬೀಳತೀರಂತ.

ಎಕ್ಸ್‌ಪ್ಲೋರರ್: ಪೂರಾ ಕಾಪಿ ಆಗೂದರಾಗ ಪೆನ್ ಡ್ರೈವ್ ಕಿತ್ತುಕೊಂಡ್ರ ವಿಡಿಯೊ ಅರ್ಧಾ ಉಳೀತೈತಿ. ಅದರ ಸಣ್ಣ ಚಿತ್ರ ತೋರಸಾಕ ಹೋಗಿ, ಜೋಡಿಗೆ ಕೆಟ್ಟ ಕೋಡೆಕ್ ಸಿಕ್ರ, ಒಮ್ಮೊಮ್ಮೆ ಉಸಿರು ಕಟ್ಟತೈತಿ. ಫೋಲ್ಡರ್ ಆಪ್ಶನ್ಸಿನ ‘ವ್ಯೂ’ದಾಗ ‘ಚಿತ್ರ ಬ್ಯಾಡ, ಬರೇ ಐಕಾನ್ ಸಾಕು’ ಅನ್ನೂದಕ್ಕ ಟಿಕ್ ಹಾಕಿ ನೋಡ್ರಿ. ಅಷ್ಟರಿಂದ ಬೀಳೂದು ನಿಂತ್ರ ತಪ್ಪು ಆ ವಿಡಿಯೊಗೋಳದು. ಅಲ್ಲೇ ‘ಫೋಲ್ಡರ್ ಕಿಟಕಿಗೋಳಿಗೆ ಬ್ಯಾರೆ ಪ್ರೋಸೆಸ್’ ಅಂತನೂ ಐತಿ. ಅದನ್ನ ಹಚ್ಚಿದ್ರ ಒಂದು ಫೋಲ್ಡರ್ ಬಿದ್ರೂ ಟಾಸ್ಕ್‌ಬಾರ್ ಉಳಕೋಬಹುದು.

ಪ್ರಶ್ನೆ: ಫೈಲ್ ಹೆಸರು ಉದ್ದ ಆದ್ರೂ ತಕರಾರು ತಗೀತೀರಿ.

ಎಕ್ಸ್‌ಪ್ಲೋರರ್: ಡ್ರೈವಿನಿಂದ ಹಿಡದು ಫೈಲಿನ ಹೆಸರಿನ ತನಕ ಎಲ್ಲಾ ಕೂಡಿ 260ರಾಗ ಮುಗೀಬೇಕು ಅನ್ನೂದು ಹಳೇ ಕಟ್ಟಳಿ. ‘ನಿಪ್ಪಾಣಿ’ ನಿಮ್ಮ ಲೆಕ್ಕದಾಗ ಮೂರಕ್ಷರ. ಒತ್ತು, ಇಳಿ, ಗುಡಿಸು ಎಲ್ಲಾ ಬಿಡಿಬಿಡಿ ಎಣಸೂ ನನಗ ಎಂಟು. ಅದು ಬೀಳೂ ರೋಗ ಅಲ್ಲ ಬಿಡ್ರಿ, ಕಾಪಿ ಆಗದಿರೂ ರೋಗ.

ಪ್ರಶ್ನೆ: ಕಳ್ಳ ಯಾರಂತ ಹಿಡಿಯೂದು ಹೆಂಗ?

ಎಕ್ಸ್‌ಪ್ಲೋರರ್: ಪಂಚನಾಮೆ ಆಗಲೇ ಬರದಿಟ್ಟೈತ್ರಿ, ಓದೂವರಿಲ್ಲ. ಸ್ಟಾರ್ಟ್‌ನಾಗ ‘ರಿಲಯಬಿಲಿಟಿ’ ಅಂತ ಹೊಡದ್ರ ದಿನಾದಿನದ ನಕ್ಷೆ ಬರತೈತಿ. ಕೆಂಪು ಗುರುತು ಇದ್ದಲ್ಲಿ ಒತ್ತಿದ್ರ ನಾ ಬಿದ್ದ ಹೊತ್ತು, ಮತ್ತ ‘ಫಾಲ್ಟ್ ಮಾಡ್ಯೂಲ್’ ಅಂತ ಒಂದು ಹೆಸರು ಇರತಾವ. ಬಿದ್ದಾಗೊಮ್ಮೆ ಅದ ಹೆಸರು, ಅದೂ ಹೊರಗಿನ ಸಾಫ್ಟ್‌ವೇರಿಂದು ಇದ್ರ, ಅದನ್ನ ತಗದು ಹಾಕ್ರಿ. ಹೆಸರು ವಿಂಡೋಸಿಂದ ಇದ್ರ ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತಗದು ‘ಎಸ್‌ಎಫ್‌ಸಿ’ ಅಂತ ಹೊಡದು, ಜಾಗಾ ಬಿಟ್ಟು, ಓರೆಗೆರಿ ಹಾಕಿ ‘ಸ್ಕ್ಯಾನ್‌ನೌ’ ಹೊಡೀರಿ. ಕೆಟ್ಟ ಸಿಸ್ಟಮ್ ಫೈಲ್ ಸರಿ ಮಾಡತೈತಿ. ಡಿಸ್ಕ್ ಕಟಕಟ ಅನ್ನಾಕತ್ತಿದ್ರ ಮಾತ್ರ ಯಾವ ಆಜ್ಞಾನೂ ಬ್ಯಾಡ. ಮೊದಲ ಕಾಪಿ ತಕ್ಕೊಳ್ರಿ, ಆಮ್ಯಾಲೆ ಡಿಸ್ಕ್ ಬದಲಸ್ರಿ.

ಪ್ರಶ್ನೆ: ಇವರದು ಇನ್ನೂ ವಿಂಡೋಸ್ 10.

ಎಕ್ಸ್‌ಪ್ಲೋರರ್: 2025ರ ಅಕ್ಟೋಬರ್ 14ಕ್ಕ ಅದರ ಸಾಮಾನ್ಯ ಬೆಂಬಲ ಮುಗೀತು. ಓಡತೈತಿ, ಆದ್ರ ಬ್ಯಾಂಕಿನ ಕೆಲಸ ಇದರಾಗ ಮಾಡೂದು ಜರಾ ವಿಚಾರ ಮಾಡ್ರಿ.

ಪ್ರಶ್ನೆ: ಫಾರ್ಮ್ಯಾಟ್ ಬಗ್ಗೆ ನಿಮ್ಮ ಅಭಿಪ್ರಾಯ?

ಎಕ್ಸ್‌ಪ್ಲೋರರ್: ರಾಯಬಾಗದಿಂದ ಕಾಗವಾಡದ ತನಕ ಯಾವ ರಿಪೇರಿ ಅಂಗಡಿಗೆ ಹೋದ್ರೂ ಸಿಗೂ ಔಷಧ ಅದೊಂದ. ಆಗಲಿ, ಹೊಡಸ್ರಿ. ನಾಳೆ ಅದ ಹುಡುಗ ಬಂದು ಅದ ಝಿಪ್ ಸಾಫ್ಟ್‌ವೇರ್ ಮತ್ತ ಹಾಕತಾನ, ನಾ ಮತ್ತ ಬೀಳತೇನಿ. ನನಗ ಸಂಕಟ ಬ್ಯಾರೆದಕ್ಕ. ಇವರು ಪಹಣಿ, ಕಬ್ಬಿನ ಬಿಲ್ಲು ಎಲ್ಲಾ ಡೆಸ್ಕ್‌ಟಾಪ್ ಮ್ಯಾಲೆ ಇಟ್ಟಾರ. ಕಣ್ಣಮುಂದ ಇದ್ದದ್ದು ಎಲ್ಲಿಗೂ ಹೋಗಂಗಿಲ್ಲ ಅಂತ ತಿಳಕೊಂಡಾರ. ಡೆಸ್ಕ್‌ಟಾಪ್ ಇರೂದು ಸಿ ಡ್ರೈವಿನ್ಯಾಗ, ಫಾರ್ಮ್ಯಾಟ್ ಹೊಡಿಯೂದೂ ಸಿ ಡ್ರೈವನ್ನ. ಪಹಣಿ ಭೂಮಿ ಕೇಂದ್ರದಾಗ ಮತ್ತ ಸಿಗತೈತಿ, ಬಿಲ್ಲು ಫ್ಯಾಕ್ಟರಿಯವರು ಮತ್ತ ಕೊಟ್ಟಾರು. ಮೂಡಲ ಕ್ವಾಣ್ಯಾಗ ಕುಂತು ನಗಾಕತ್ತಿದ್ದ ಅಜ್ಜಿ ಫೋಟೊ ಮತ್ತ್ಯಾರೂ ಕೊಡಂಗಿಲ್ಲ. ಅಂಗಡಿಗೆ ಒಯ್ಯೂಕಿಂತ ಮೊದಲ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಕೂ ಫೋಲ್ಡರ್ ಬ್ಯಾರೆ ಡಿಸ್ಕಿಗೆ ಕಾಪಿ ಮಾಡಿ, ಅಲ್ಲಿ ತಗದು ನೋಡಿ, ಆಮ್ಯಾಲೆ ಮನಿ ಬಿಡ್ರಿ ಅಂತ ಹೇಳ್ರಿ ಅವರಿಗೆ. ನಾ ಹೇಳಿದ್ರ ಕೇಳಂಗಿಲ್ಲ.